ಬರಿಸಬೇಕು ಅಂತ ಬರೆದಿತ್ತು

೪ ಜನವರಿ

ಚಿಮಟ,

ಈ ಭೂಮಂಡಲದಲ್ಲಿ ಉಕ್ಕಿನ ಭಾಷೆ ತಿಳಿದ ಮನುಷ್ಯರು ಇಬ್ಬರೇ. ಒಬ್ಬ ಉಕ್ಕನ್ನು ಕಂಡುಹಿಡಿದವನು, ಅವನು ಸತ್ತ. ಇನ್ನೊಬ್ಬ ನಿನ್ನ ಮಾಮ. ಆ ಸತ್ತವನೂ ಕೊನೆಗಾಲದಲ್ಲಿ ಒಂದು ಸಂದೇಹ ಕೇಳಲು ನನ್ನ ಪಾತ್ರೆ ರಿಪೇರಿ ಅಂಗಡಿಗೆ ಬಂದಿದ್ದ. ಬಂದ, ಕೇಳಿದ, ಟೀ ಕುಡಿದು ಹೋದ. ಟೀ ದುಡ್ಡು ನಾನೇ ಕೊಟ್ಟೆ.

ನಿನ್ನೆ ಆಸ್ಪತ್ರೆಗೆ ಹೋಗಿ ನಿನ್ನ ಆಟೋಕ್ಲೇವನ್ನು ನೋಡಿ ಬಂದೆ. ಆ ಹೆಸರು ನನ್ನ ನಾಲಿಗೆಗೆ ಒಗ್ಗುವುದಿಲ್ಲ. ಕತ್ತರಿ, ಚಾಕು, ಬಟ್ಟೆಗಳನ್ನು ಉಗಿಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವ ಪೆಟ್ಟಿಗೆ ತಾನೆ? ಉಗಿಪೆಟ್ಟಿಗೆ ಅನ್ನುತ್ತೇನೆ. ಬಾಗಿಲು ತೆಗೆದವರು ಹಿರಿಯ ನರ್ಸಮ್ಮ. ಎದೆಗೆ ಚುಚ್ಚಿಕೊಂಡ ಗಡಿಯಾರವನ್ನು ಮಾತಿಗೊಮ್ಮೆ ನೋಡುತ್ತಾರೆ. ಗಡಿಯಾರದಮ್ಮ ಅಂತ ಅಲ್ಲೇ ಹೆಸರಿಟ್ಟೆ.

"ಎಷ್ಟು ಹೊತ್ತು ಬೇಕು ನಿಮಗೆ?" ಅಂದರು.

"ತುಕ್ಕನ್ನ ಕೇಳಿ ಹೇಳ್ತೀನಮ್ಮ."

"ಅದನ್ನ ಆಮೇಲೆ ಮಾತಾಡಿಸಿ. ಮೊದಲು ನನಗೆ ಹೇಳಿ."

ಒಳಗೆ ತಲೆ ಹಾಕಿ ನೋಡಿದೆ. ಬಾಗಿಲ ರಬ್ಬರಿನ ಕೆಳಗೆ, ತಟ್ಟೆ ಕೂರುವ ಹಳಿಗಳ ಅಡಿಯಲ್ಲಿ, ನೀರು ಇಳಿಯುವ ತೂತಿನ ಸುತ್ತ ಕಂದು ಚುಕ್ಕೆಗಳು. ಕೆಲವು ಕಡೆ ಅತ್ತ ಮಗುವಿನ ಕೆನ್ನೆಯ ಮೇಲೆ ಕಾಡಿಗೆ ಇಳಿದ ಹಾಗೆ ಉದ್ದ ಗೆರೆ. ಬೇಯಿಸಿ ತೆಗೆದ ಬಟ್ಟೆಯ ಗಂಟೊಂದರ ಮೇಲೂ ಅದೇ ಕಂದು. ಕೋಣೆ ಗುಡಿಸುವವಳನ್ನು ಕೇಳಿದರೆ, ಎಂಟು ತಿಂಗಳಿಂದ ಕಬ್ಬಿಣದ ನಾರಿನಲ್ಲಿ ತಿಕ್ಕಿ ತಿಕ್ಕಿ, ಬ್ಲೀಚಿಂಗ್ ನೀರಲ್ಲಿ ತೊಳೆಯುತ್ತಿದ್ದಾಳಂತೆ. "ಉಜ್ಜಿದಷ್ಟೂ ಜಾಸ್ತಿ ಆಗುತ್ತೆ ಅಣ್ಣ, ಹಟಮಾರಿ ಮುಂಡೇದು" ಅಂದಳು.

ಮಾರ್ಚ್ ಇಪ್ಪತ್ತಕ್ಕೆ ತಪಾಸಣೆಯವರು ಬರುತ್ತಾರೆ, ಏಪ್ರಿಲ್ ಒಂದಕ್ಕೆ ನೀನು ತರಬೇತಿ ಮುಗಿಸಿ ಬಂದು ಆ ಕೋಣೆಗೆ ಮುಖ್ಯಸ್ಥೆಯಾಗುತ್ತೀ, ಅಷ್ಟರಲ್ಲಿ ತುಕ್ಕು ಹೋಗಿರಬೇಕು. ಇಷ್ಟು ತಾನೆ? ದೊಡ್ಡ ಡಾಕ್ಟರಿಗೆ "ನಮ್ಮ ಮಾಮ ಮಾಡ್ತಾರೆ" ಅಂತ ಬರೆದು ಸಹಿ ಹಾಕಿ ಕೊಟ್ಟಿದ್ದೀಯಂತೆ. ಒಳ್ಳೆಯ ಕೆಲಸ. ನಿನಗೆ ತೋಚುವುದೇನಾದರೂ ಇದ್ದರೆ ಬರೆ. ನನಗೆ ಬೇಕಾಗಿಲ್ಲ, ನಿನ್ನ ಸಮಾಧಾನಕ್ಕೆ.

ನಾನಂತೂ ಗಟ್ಟಿಯಾಗಿದ್ದೇನೆ, ಬೇರೆಯವರ ಆರೋಗ್ಯ ಅವರವರನ್ನೇ ಕೇಳು.

ನಿನ್ನ ಮಾಮ

•

೧೧ ಜನವರಿ

ಮಾಮ,

ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಅಕ್ಷರ ಕುಣಿದರೆ ಬೈಯಬೇಡ.

ಒಂದು ಉಪಕಾರ ಮಾಡು. ನಿನಗೆ ಗೊತ್ತಿರುವುದನ್ನೆಲ್ಲ ಒಂದು ವಾರದ ಮಟ್ಟಿಗೆ ಮರೆತುಬಿಡು. ಕಬ್ಬಿಣದ ನಾರನ್ನು ಆ ಕೋಣೆಯಿಂದಲೇ ಹೊರಗೆ ಎಸೆ. ಅದರ ಪುಡಿ ಉಕ್ಕಿನ ಮೈಗೆ ಚುಚ್ಚಿಕೊಂಡು ಅಲ್ಲೇ ತುಕ್ಕು ಹಿಡಿಯುತ್ತದೆ. ನೀನು ನೋಡಿದ ಕಂದಿನಲ್ಲಿ ಅರ್ಧ ಪೆಟ್ಟಿಗೆಯದಲ್ಲ, ನಾರಿನದು. ಬ್ಲೀಚಿಂಗ್ ಬೇಡ. ಬಚ್ಚಲು ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ. ನಿನ್ನ ಅಂಗಡಿಯ ಮೂಲೆಯಲ್ಲಿ ಅದರ ಕ್ಯಾನ್ ಇದೆ ಅಂತ ನನಗೆ ಗೊತ್ತು.

ಮೊದಲು ಸೋಪಿನ ನೀರಿನಲ್ಲಿ ಜಿಡ್ಡು ತೆಗೆ. ಆಮೇಲೆ ಸಿಟ್ರಿಕ್ ಆಸಿಡ್, ಅದೇ ನಿಂಬೆಹುಳಿಯ ಪುಡಿ, ಒಂದು ಲೀಟರ್ ಬೆಚ್ಚಗಿನ ನೀರಿಗೆ ನೂರು ಗ್ರಾಂ. ನಲ್ಲಿ ನೀರಲ್ಲ, ಬ್ಯಾಟರಿಗೆ ಹಾಕುತ್ತಾರಲ್ಲ, ಆ ಬಟ್ಟಿ ಇಳಿಸಿದ ನೀರು. ಬಿಳಿ ಬಟ್ಟೆ ಅದ್ದಿ ಗೋಡೆಗೆ ಅಂಟಿಸಿ ಅರ್ಧ ಗಂಟೆ ಒಣಗದಂತೆ ನೋಡಿಕೋ. ಮೆತ್ತನೆಯ ನೈಲಾನ್ ಬ್ರಷ್ಷಿನಲ್ಲಿ ಉಕ್ಕಿನ ಗೆರೆ ಹೋದ ದಿಕ್ಕಿಗೇ ಉಜ್ಜು, ಸುತ್ತಿ ಸುತ್ತಿ ಉಜ್ಜಬೇಡ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಕಂದು ಪೂರ್ತಿ ಹೋದ ಮೇಲೆ ಅದೇ ನೀರಿನಲ್ಲಿ ತೊಳೆದು ಒರೆಸು.

ಕೊನೆಗೆ, ಹೋದ ಪದರವನ್ನು ಮತ್ತೆ ಬರಿಸಬೇಕು. ಅದೇ ಮುಖ್ಯ. ಹಿಂದೆ ನೋಡು.

(ಹಾಳೆಯ ಹಿಂಬದಿ)

ಪದರ ಅಂದರೆ ನಾವು ಹಾಕುವಂಥದ್ದಲ್ಲ. ಈ ಉಕ್ಕಿನೊಳಗೆ ಕ್ರೋಮಿಯಂ ಅನ್ನುವ ಲೋಹ ಬೆರೆತಿರುತ್ತದೆ. ಮೈ ಶುದ್ಧವಾಗಿ ಒಣಗಿದ್ದರೆ ಗಾಳಿ ಸೋಕಿ ಅದು ತಾನಾಗಿ ಒಂದು ಚರ್ಮ ಕಟ್ಟಿಕೊಳ್ಳುತ್ತದೆ, ಕಣ್ಣಿಗೆ ಕಾಣದಷ್ಟು ತೆಳುವಾಗಿ. ತುಕ್ಕು ಬಾರದಂತೆ ಕಾಯುವುದು ಅದೇ. ಹುಳಿಯ ಕೆಲಸ ಅಡ್ಡ ಬಂದ ಕಬ್ಬಿಣವನ್ನು ತೆಗೆಯುವುದಷ್ಟೇ. ಹಾಗಾಗಿ ಒರೆಸಿ, ಬಾಗಿಲು ತೆರೆದಿಟ್ಟು, ಎರಡು ದಿನ ಏನೂ ಮಾಡಬೇಡ. ಏನೂ ಅಂದರೆ ಏನೂ. ನಿನಗೆ ಅದೇ ಕಷ್ಟ ಅಂತ ಗೊತ್ತು. ಆಮೇಲೆ ಒದ್ದೆ ಬಿಳಿ ಬಟ್ಟೆಯನ್ನು ಗೋಡೆಗೆ ಒಂದು ದಿನ ಅಂಟಿಸಿಡು. ಕಂದು ಕಲೆ ಬೀಳದಿದ್ದರೆ ಗೆದ್ದೆವು.

ನನ್ನ ಹೆಸರು ನಿನ್ನ ಕೈಯಲ್ಲಿದೆ ಮಾಮ.

ಚಿಮಟ

•

೨೮ ಜನವರಿ

ಚಿಮಟ,

ಮುಗಿಯಿತು! ಮಾರ್ಚ್ ಇಪ್ಪತ್ತಕ್ಕೆ ಬರುವ ತಪಾಸಣೆಯವರಿಗೆ ಈಗಲೇ ತಂಪು ಕನ್ನಡಕ ತರಲು ಹೇಳು. ಕಣ್ಣು ಕುಕ್ಕುತ್ತದೆ.

ನೀನು ಬರೆದಂತೆಯೇ ಮಾಡಿದೆ. ಐದು ದಿನ ಆ ಪೆಟ್ಟಿಗೆಯೊಳಗೆ ಸೊಂಟದವರೆಗೆ ಹೊಕ್ಕು ಕೂತಿದ್ದೆ. ಹೊರಗಿನಿಂದ ನೋಡಿದವರಿಗೆ ಪೆಟ್ಟಿಗೆ ನನ್ನನ್ನು ಅರ್ಧ ನುಂಗಿದ ಹಾಗೆ ಕಾಣುತ್ತಿತ್ತಂತೆ. ನಿಂಬೆಹುಳಿ ಒಳ್ಳೆಯ ಕೆಲಸಗಾರ, ಒಪ್ಪಿದೆ. ಬಟ್ಟೆ ಕಿತ್ತರೆ ಬಟ್ಟೆಯ ತುಂಬ ಕಂದು, ಗೋಡೆಯ ಮೇಲೆ ಇಲ್ಲ. ಗೆರೆ ಹೋದ ದಿಕ್ಕಿಗೇ ಉಜ್ಜಿದೆ. ಒಂದು ಚುಕ್ಕೆ ಉಳಿಯಲಿಲ್ಲ. ಗಡಿಯಾರದಮ್ಮ ಬಗ್ಗಿ ನೋಡಿ "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದು ಚಿನ್ನದ ಪದಕ.

ಇನ್ನು ನೀನು ಮುಖ್ಯ ಅಂತ ಬರೆದ ಸಂಗತಿ. ಹೋದ ಪದರವನ್ನು ಮತ್ತೆ ಬಳಿಸಬೇಕು ಅಂತ. ನಲವತ್ತು ವರ್ಷ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿದವನಿಗೆ ಇದನ್ನು ಹೇಳಬೇಕೇನೇ? ಹೊಳಪು ಎಂಬುದು ಒಳಗಿನಿಂದ ಬರುವುದಿಲ್ಲ, ಮೇಲಿನಿಂದ ಹಾಕಬೇಕು. ಇದು ನನ್ನ ಅಂಗಡಿಯ ಮೊದಲ ಪಾಠ. ಆದರೆ ಇಷ್ಟು ದೊಡ್ಡ ಪೆಟ್ಟಿಗೆಗೆ ತವರ ಕಾಯಿಸಿ ಹಚ್ಚಲಾಗದು. ಯೋಚಿಸಿದೆ. ಹೊಗೆಕೊಳವೆಗೆ ಹಚ್ಚುವ ಬೆಳ್ಳಿ ಬಣ್ಣ ತಂದೆ. ಎಂಥ ಶಾಖಕ್ಕೂ ಜಗ್ಗದು, ಡಬ್ಬಿಯ ಮೇಲೇ ಬೆಂಕಿಯ ಚಿತ್ರವಿದೆ. ಎರಡು ಕೈ ಬಳಿದೆ. ಗೋಡೆ, ಮೇಲ್ಛಾವಣಿ, ಬಾಗಿಲ ಒಳಮೈ, ಎಲ್ಲ. ಈಗ ಅದರೊಳಗೆ ನೋಡಿ ಮೀಸೆ ಕತ್ತರಿಸಿಕೊಳ್ಳಬಹುದು.

ಹಿಂದೆ ನೋಡು ಅಂತ ಬರೆದಿದ್ದೆ. ನೋಡಿದೆ. ಪೆಟ್ಟಿಗೆಯ ಹಿಂದೆ ಗೋಡೆ ಇದೆ, ಒಂದು ಒಡಕು ಬಕೆಟ್ಟು, ಒಂದು ಸತ್ತ ಜಿರಲೆ. ಅಲ್ಲಿ ಯಾಕೆ ನೋಡಬೇಕಿತ್ತೋ ತಿಳಿಯಲಿಲ್ಲ. ಬಕೆಟ್ಟು ತೆಗೆಸಿ ಮಿಕ್ಕ ಬಣ್ಣವನ್ನು ಆ ಗೋಡೆಗೂ ಬಳಿದೆ.

ಸೋಮವಾರ ಉಗಿ ಹಾಕುತ್ತಾರೆ. ಹೊಗಳಿ ಬರೆಯುವಾಗ ದೊಡ್ಡ ಅಕ್ಷರದಲ್ಲಿ ಬರೆ, ಅಂಗಡಿಯಲ್ಲಿ ಅಂಟಿಸಬೇಕು.

ಉಕ್ಕಿನ ದೊರೆ,
ನಿನ್ನ ಮಾಮ

•

೩೧ ಜನವರಿ

ಮಾಮ,

ಬಳಿದೆ ಅಂದರೆ ಏನು? ಬರಿಸಬೇಕು ಅಂತ ಬರೆದಿದ್ದೆ. ಹಾಳೆಯ ಹಿಂಬದಿ ಓದಲಿಲ್ಲವಾ?

ಹಾಸ್ಟೆಲ್ಲಿನ ಫೋನಿನಿಂದ ಆಸ್ಪತ್ರೆಗೆ ಬೆಳಗಿನಿಂದ ಹಚ್ಚುತ್ತಿದ್ದೇನೆ, ಲೈನ್ ಸಿಗುತ್ತಿಲ್ಲ. ಇದು ಕೈಗೆ ಬಂದ ಕೂಡಲೆ ಚಪ್ಪಲಿ ಹಾಕಿಕೊಳ್ಳುವುದಕ್ಕೂ ನಿಲ್ಲಬೇಡ, ಆಸ್ಪತ್ರೆಗೆ ಓಡು. ಉಗಿ ಹಾಕಬಾರದು. ಆ ಬಣ್ಣ ಉಗಿಗೆ ಏಳುತ್ತದೆ. ಅದು ಕತ್ತರಿಯ ಮೇಲೆ, ಬಟ್ಟೆಯ ಮೇಲೆ ಬೀಳುತ್ತದೆ. ಆ ಬಟ್ಟೆಯನ್ನು ಮನುಷ್ಯರ ತೆರೆದ ಹೊಟ್ಟೆಯ ಮೇಲೆ ಹಾಸುತ್ತಾರೆ ಮಾಮ.

ಚಿಮಟ

•

೬ ಫೆಬ್ರವರಿ

ಚಿಮಟ,

ನಿನ್ನ ಕಾಗದ ಬುಧವಾರ ಬಂತು. ಉಗಿ ಸೋಮವಾರವೇ ಹಾಕಿದ್ದರು. ಅಂಚೆಯವನದೇ ತಪ್ಪು.

ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಬಾಗಿಲು ತೆಗೆದ ಕೂಡಲೆ ಗೊತ್ತಾಯಿತು. ಗೋಡೆಯಿಂದ ಹಾವಿನ ಪೊರೆಯ ಹಾಗೆ ಬೂದುಬಣ್ಣದ ಹಕ್ಕಳೆ ಎದ್ದು ಬಟ್ಟೆಯ ಗಂಟುಗಳ ಮೇಲೆಲ್ಲ ಉದುರಿತ್ತು. ನೀರು ಇಳಿಯುವ ತೂತು ಕಟ್ಟಿಕೊಂಡಿತ್ತು. ಗಡಿಯಾರದಮ್ಮ ಒಂದು ಹಕ್ಕಳೆಯನ್ನು ಬೆರಳ ತುದಿಯಲ್ಲಿ ಎತ್ತಿ ನನಗೆ ತೋರಿಸಿದರು. ಗಡಿಯಾರ ನೋಡಲಿಲ್ಲ. ಅದನ್ನೇ ನೋಡುತ್ತ ನಿಂತರು.

ಆವತ್ತು ಹೊಟ್ಟೆಯ ಆಪರೇಶನ್ ಆಗಬೇಕಿದ್ದ ಬಡಗಿಯೊಬ್ಬನನ್ನು ಎರಡು ಗಂಟೆ ದಾರಿಯ ಇನ್ನೊಂದು ಆಸ್ಪತ್ರೆಗೆ ಕಳಿಸಿದರು. ಹೊಟ್ಟೆ ಹಿಡಿದುಕೊಂಡು ಗಾಡಿ ಹತ್ತಿದ. ಅಲ್ಲಿ ಎಲ್ಲ ಸುಸೂತ್ರವಾಗಿ ಆಯಿತಂತೆ, ಎರಡು ಸಲ ವಿಚಾರಿಸಿದ್ದೇನೆ. ಮೂರು ಸಲ. ನಮ್ಮಲ್ಲಿ ಆಪರೇಶನ್ ಕೋಣೆಗೆ ಬೀಗ ಹಾಕಿದ್ದಾರೆ, ನಾಲ್ಕು ದಿನದ ಮಟ್ಟಿಗೆ ಇರಬಹುದು.

ಮಂಗಳವಾರ ದೊಡ್ಡ ಡಾಕ್ಟರ್ ಕರೆಸಿದರು. ಕೋಣೆಯಲ್ಲಿ ಐದು ಜನ, ಎಲ್ಲರೂ ಕುರ್ಚಿಯ ಮೇಲೆ, ನನಗೆ ಮಾತ್ರ ಕುರ್ಚಿ ಇಲ್ಲ.

"ಇದಕ್ಕೆ ಬಣ್ಣ ಹಚ್ಚೋಕೆ ಹೇಳಿದ್ದು ಯಾರು?" ಅಂದರು.

"ಅಕ್ಕನ ಮಗಳು. ಬಳಿಸಬೇಕು ಅಂತ ಕಾಗದದಲ್ಲೇ ಇದೆ."

"ಕಾಗದ ಇದೆಯಾ?"

"ಇಲ್ದೆ ಏನು ಸಾರ್!"

ಬಾಯಿಗೆ ಬಂತು, ಅಂದುಬಿಟ್ಟೆ. ನೀನು ಜಾಣೆ, ಏನಾದರೂ ಹೇಳಿ ಸರಿಮಾಡಿಕೊಳ್ಳುತ್ತೀ. ನಿಜ ಹೇಳಬೇಕೆಂದರೆ ನಿನ್ನ ಅಕ್ಷರದ್ದೂ ಪಾಲಿದೆ. ಆ "ರಿ" ಹೊಟ್ಟೆ ಉಬ್ಬಿಸಿಕೊಂಡು "ಳಿ" ಆಗಿ ಕೂತಿತ್ತು. ಬಸ್ಸಿನಲ್ಲಿ ಕಾಗದ ಬರೆಯಬಾರದು.

ಅಂಗಡಿ ಚೆನ್ನಾಗಿ ನಡೆಯುತ್ತಿದೆ.

ನಿನ್ನ ಮಾಮ

•

೧೪ ಫೆಬ್ರವರಿ

ಮಾಮನವರಿಗೆ,

ನನಗೆ ನೋಟೀಸು ಬಂದಿದೆ. ತರಬೇತಿಯಲ್ಲಿ ಕಲಿತದ್ದಕ್ಕೆ ವಿರುದ್ಧವಾಗಿ ಯಂತ್ರದ ಒಳಮೈಗೆ ಬಣ್ಣ ಬಳಿಸಲು ಸೂಚನೆ ಕೊಟ್ಟದ್ದು ನಿಜವೇ ಎಂದು ಕೇಳಿದ್ದಾರೆ. ಮಾರ್ಚ್ ಹದಿನೈದರೊಳಗೆ ಉತ್ತರ ಕೊಡಬೇಕು, ಇಲ್ಲವಾದರೆ ಆ ಹುದ್ದೆಗೆ ಬೇರೆಯವರನ್ನು ನೋಡುತ್ತಾರೆ.

ನಾನು ಬರೆದಿಲ್ಲ ಎಂದು ಉತ್ತರಿಸಿದ್ದೇನೆ. ಅವರು ಸಾಕ್ಷಿ ಕೇಳುತ್ತಿದ್ದಾರೆ. ನನ್ನ ಕಾಗದ ನಿಮ್ಮ ಬಳಿ ಇದೆ. ಅದನ್ನು ದೊಡ್ಡ ಡಾಕ್ಟರಿಗೆ ಕೊಡಿ, ಅಥವಾ ನನಗೆ ಕಳಿಸಿ. ಬೇರೆ ಏನೂ ಬೇಡ.

ಅತ್ತೆಗೆ ನಮಸ್ಕಾರ ತಿಳಿಸಿ.

ಇಂತು,
ನಿಮ್ಮ ಅಕ್ಕನ ಮಗಳು

•

೧೯ ಫೆಬ್ರವರಿ

ಚಿಮಟ,

"ನಿಮ್ಮ", "ಕೊಡಿ", "ಕಳಿಸಿ", "ತಿಳಿಸಿ". ನಾಲ್ಕೂ ಎಣಿಸಿದೆ. ತೊದಲು ಮಾತಿನಿಂದ ನೀನು ನನ್ನನ್ನು ಏಕವಚನದಲ್ಲೇ ಕರೆದವಳು. ನಿನ್ನ ಅಮ್ಮ ಅದಕ್ಕೆ ನಿನಗೆ ಹೊಡೆದಾಗ ನಾನೇ ಅಡ್ಡ ಬಂದು ಒಂದೇಟು ತಿಂದಿದ್ದೆ.

ಕಾಗದ ಸಿಗುತ್ತಿಲ್ಲ. ಅಂಗಡಿಯ ಡ್ರಾಯರಿನಲ್ಲಿ ಇಟ್ಟಿದ್ದೆ, ಇಲಿ ಇರಬೇಕು. ಅಥವಾ ಬಣ್ಣದ ಕೈ ಒರೆಸಿ ಎಸೆದೆನೋ ಏನೋ. ಒಬ್ಬ ಗಿರಾಕಿ ಪಾತ್ರೆ ಕಟ್ಟಿಕೊಂಡು ಹೋದ ಹಾಗೂ ನೆನಪು. ಹುಡುಕುತ್ತೇನೆ.

ಯಾಕೋ ಕೂತಲ್ಲಿ ಕೂರಲಾಗುತ್ತಿಲ್ಲ. ಅಂಗಡಿಯಲ್ಲಿ ಎಂಟು ಜನರ ಪಾತ್ರೆ ಬಿದ್ದಿವೆ, ಯಾವುದನ್ನೂ ಮುಟ್ಟಿಲ್ಲ. ಬೆಳಗ್ಗೆ ಮೊಳೆಗಳನ್ನೆಲ್ಲ ಸುರಿದು ಉದ್ದ ನೋಡಿ ಬೇರೆ ಮಾಡಿದೆ. ಮಧ್ಯಾಹ್ನ ಮತ್ತೆ ಕಲಸಿ ದಪ್ಪ ನೋಡಿ ಬೇರೆ ಮಾಡಿದೆ. ಆಸ್ಪತ್ರೆಯ ಗೇಟಿನವರೆಗೆ ಹೋಗುತ್ತೇನೆ, ಕಾವಲುಗಾರ "ಏನ್ ಯಜಮಾನ್ರೇ?" ಅಂದ ಕೂಡಲೆ "ಏನಿಲ್ಲಪ್ಪ, ನಡಿಗೆ" ಅಂತ ವಾಪಸು. ಇವತ್ತು ನಾಲ್ಕನೇ ಸಲಕ್ಕೆ ಅವನು, "ಒಳಗಾದ್ರೂ ಹೋಗಿ, ಇಲ್ಲ ಮನೆಗಾದ್ರೂ ಹೋಗಿ, ನನಗೇ ತಲೆ ಸುತ್ತುತ್ತಿದೆ" ಅಂದ.

ನಿನ್ನ ಅತ್ತೆ ನನ್ನ ಜೊತೆ ಮಾತಾಡುತ್ತಿಲ್ಲ. ಕಾರಣ ನನಗೆ ಗೊತ್ತಿಲ್ಲ.

ಮಾಮ

•

೫ ಮಾರ್ಚ್

ಚಿಮಟ,

ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ.

ಗೇಟು ದಾಟಿ ಒಳಗೆ ಹೋದೆ. ಗಡಿಯಾರದಮ್ಮನ ಮುಂದೆ ನಿಂತು, ಬಣ್ಣವನ್ನು ನಾನೇ ತೆಗೆಯುತ್ತೇನೆ ಅಂದೆ. "ಈ ಸಲ ಏನು ಬಳೀತೀರಿ?" ಅಂದರು. "ಏನೂ ಇಲ್ಲಮ್ಮ." "ಅದು ನಿಮ್ಮ ಕೈಲಿ ಆಗುತ್ತಾ?" ಅಂತ ಬೀಗದ ಕೈ ಕೊಟ್ಟರು, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು.

ಬಳಿಯಲು ಒಂದು ಮಧ್ಯಾಹ್ನ ಸಾಕಾಗಿತ್ತು. ತೆಗೆಯಲು ಒಂಬತ್ತು ದಿನ ಹಿಡಿಯಿತು. ಲೋಹದ ಉಳಿ ಮುಟ್ಟಲಿಲ್ಲ. ಹೆರೆಯಲು ಪ್ಲಾಸ್ಟಿಕ್ಕಿನ ಪಟ್ಟಿ ಮಾಡಿಸಿದೆ, ಬಣ್ಣ ಕರಗಿಸುವ ಥಿನ್ನರ್, ಬಟ್ಟೆ. ಹಳಿಗಳ ಸಂದಿಯಲ್ಲಿ ಸೇರಿಕೊಂಡದ್ದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದೆ. ಥಿನ್ನರಿನ ಹೊಗೆಗೆ ತಲೆ ಗಿಮ್ಮೆಂದು ಕಿಟಕಿಗಳನ್ನೆಲ್ಲ ತೆರೆಸಿದೆ. ಒಂದು ಎಡವಟ್ಟು ಆಯಿತು. ಬಾಗಿಲ ಸುತ್ತಿನ ರಬ್ಬರಿಗೆ ಥಿನ್ನರ್ ತಗುಲಿ ಅದು ನೆನೆದ ಕಡಲೆಯಂತೆ ಊದಿಕೊಂಡಿತು. ಹೊಸದು ತರಿಸಿದ್ದೇನೆ. ಅದರ ಮಾತು ಬಿಡು.

ಮತ್ತೆ ಸೋಪು, ಮತ್ತೆ ನಿಂಬೆಹುಳಿ, ಮತ್ತೆ ಬಟ್ಟಿ ಇಳಿಸಿದ ನೀರು. ಒರೆಸಿದೆ. ಬಾಗಿಲು ತೆರೆದಿಟ್ಟೆ. ಅಲ್ಲಿಂದ ಶುರುವಾಯಿತು ನೋಡು ನಿಜವಾದ ಕೆಲಸ. ಎರಡು ದಿನ ಏನೂ ಮಾಡದಿರುವುದು. ಸ್ಟೂಲಿನ ಮೇಲೆ ಕೂತು ಆ ಖಾಲಿ ಪೆಟ್ಟಿಗೆಯನ್ನು ನೋಡಿದರೆ, ಅದಕ್ಕೆ ಏನೂ ಆಗುತ್ತಿಲ್ಲ! ಒಂದು ಸದ್ದಿಲ್ಲ, ಬಣ್ಣ ಬದಲಾಗುವುದಿಲ್ಲ. ಒಂದು ಸಲ ಒಳಗೆ ಕೈ ಹಾಕಿ ಬೆರಳಲ್ಲಿ ಸವರಿ ನೋಡೋಣ ಅನ್ನಿಸಿತು.

"ಕೈ," ಅಂದರು ಗಡಿಯಾರದಮ್ಮ.

"ಸುಮ್ನೆ ನೋಡ್ತಿದ್ದೆ."

"ಕಣ್ಣಲ್ಲಿ ನೋಡಿ."

ಎರಡೂ ಕೈಯನ್ನು ತೊಡೆಯ ಅಡಿಗೆ ತೂರಿಸಿ ಕೂತೆ. ಕಾಲು ತಾನಾಗಿ ಕುಣಿಯತೊಡಗಿತು. "ಕಾಲು," ಅಂದರು. ಊಟ ತಂದ ನಿನ್ನ ಅತ್ತೆ ಇದನ್ನೆಲ್ಲ ನೋಡಿ, ಮೂರು ವಾರದ ಮೇಲೆ ಮೊದಲ ಮಾತು ಆಡಿದಳು. ನನಗಲ್ಲ, ಗಡಿಯಾರದಮ್ಮನಿಗೆ. "ಇವರನ್ನ ನೀವೇ ಇಟ್ಕೊಳ್ಳಿ ತಾಯಿ."

ಮೂರನೇ ದಿನ ಒದ್ದೆ ಬಟ್ಟೆ ಅಂಟಿಸಿದೆ. ಮರುದಿನ ಕಿತ್ತರೆ ತೂತಿನ ಪಕ್ಕ ಸಾಸಿವೆಯಷ್ಟು ಎರಡು ಕಂದು ಚುಕ್ಕೆ. ಅಷ್ಟಕ್ಕೆ ಮತ್ತೆ ಹುಳಿ, ಮತ್ತೆ ಒರೆಸು, ಮತ್ತೆ ಸ್ಟೂಲು. ನಾಳಿದ್ದು ಗೊತ್ತಾಗುತ್ತದೆ.

ಆ ಕಾಗದ ಇನ್ನೂ ಹುಡುಕುತ್ತಿದ್ದೇನೆ.

ಮಾಮ

•

೧೧ ಮಾರ್ಚ್

ದೊಡ್ಡ ಡಾಕ್ಟರ್ ಸಾಹೇಬರ ಸನ್ನಿಧಾನಕ್ಕೆ,

ಪಾತ್ರೆ ರಿಪೇರಿ ಅಂಗಡಿಯವನು ಬರೆಯುವುದು. ನನ್ನ ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಬೇಕು, ಊರಿನ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಓದಿದವನು. ಏಳರವರೆಗೆ ಅಂತ ಹೊರಗೆ ಹೇಳುತ್ತೇನೆ.

ಉಗಿಪೆಟ್ಟಿಗೆಗೆ ಅಂಟಿಸಿದ ಬಿಳಿ ಬಟ್ಟೆ ಮೊನ್ನೆ ಕಲೆಯಿಲ್ಲದೆ ಬಂತು. ನಿನ್ನೆ ಇನ್ನೊಂದು ಸಲ ಅಂಟಿಸಿದ್ದೂ ಹಾಗೇ ಬಂತು. ನರ್ಸಮ್ಮನವರು ಎರಡನ್ನೂ ದಿನಾಂಕ ಬರೆದು ಇಟ್ಟಿದ್ದಾರೆ. ಆದರೆ ಈ ಕಾಗದ ಅದಕ್ಕಲ್ಲ.

ಇದರೊಂದಿಗೆ ನನ್ನ ಅಕ್ಕನ ಮಗಳು ಜನವರಿ ಹನ್ನೊಂದಕ್ಕೆ ಬರೆದ ಕಾಗದ ಇದೆ. ಕಳೆದುಹೋಗಿತ್ತು ಅಂತ ಅವಳಿಗೆ ಬರೆದಿದ್ದೆ. ಕಳೆದಿರಲಿಲ್ಲ. ನನ್ನ ಅಂಗಿಯ ಒಳಜೇಬಿನಲ್ಲೇ ಇತ್ತು. ತಾವು ಕಣ್ಣಾರೆ ನೋಡಬೇಕು. ಬರಿಸಬೇಕು ಅಂತಲೇ ಇದೆ. ಅದು "ರಿ". ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು, ತಲೆಕೆಳಗು ಮಾಡಿಯೂ ನೋಡಿದ್ದೇನೆ. "ರಿ"ಯೇ. ಅದನ್ನು "ಳಿ" ಅಂತ ಓದಿದವನು ನಾನು. ಹಾಳೆ ತಿರುಗಿಸದೆ ಯಂತ್ರದ ಹಿಂದೆ ಹೋಗಿ ನೋಡಿದವನೂ ನಾನು. ಹಿಂಬದಿಯಲ್ಲಿ ಏನೂ ಮಾಡಬೇಡ ಅಂತ ಅವಳು ಸ್ಪಷ್ಟವಾಗಿ ಬರೆದಿದ್ದಾಳೆ.

ಇಷ್ಟೇ ಆಗಿದ್ದರೆ ತಿಳಿಯದೆ ಮಾಡಿದ ತಪ್ಪು. ಇನ್ನೊಂದಿದೆ. ಬಣ್ಣ ಎದ್ದ ಸೋಮವಾರ ಸಂಜೆ ಮನೆಗೆ ಹೋದಾಗ ನನ್ನ ಹೆಂಡತಿ ಆ ಹಾಳೆಯನ್ನು ತಿರುಗಿಸಿ, "ರೀ, ಹಿಂದ್ಗಡೆ ಇಷ್ಟುದ್ದ ಬರೆದಿದಾಳಲ್ರೀ, ಓದ್ಲಿಲ್ವಾ?" ಅಂತ ಜೋರಾಗಿ ಓದಿ ಹೇಳಿದಳು. ಮರುದಿನ ತಾವು ಕೇಳಿದಾಗ ನನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಅವಳ ಹೆಸರು ಹೇಳಿದೆ. ಐದು ಜನರ ಮುಂದೆ ಓದಲು ಬಾರದವನು ಅನ್ನಿಸಿಕೊಳ್ಳಲಾರದೆ ಹೇಳಿದೆ. ಅವಳು ಬರೆದ ಒಂದಕ್ಷರವೂ ತಪ್ಪಿಲ್ಲ. ಅವಳು ಮಾಡಿದ ತಪ್ಪು ನನ್ನನ್ನು ನಂಬಿದ್ದು.

ಬೇಕಾದರೆ ಅದೇ ಐದು ಜನರನ್ನು ಕೂರಿಸಿ. ಬಂದು ಬಾಯಿಬಿಟ್ಟು ಹೇಳುತ್ತೇನೆ. ಕುರ್ಚಿ ಬೇಡ.

ಪಾತ್ರೆ ರಿಪೇರಿಯವನು

•

೨೮ ಮಾರ್ಚ್

ಮಾಮ,

ಇಪ್ಪತ್ತಕ್ಕೆ ತಪಾಸಣೆ ಆಯಿತು, ಯಂತ್ರ ತೇರ್ಗಡೆಯಾಯಿತು. ಕ್ರಿಮಿ ಸತ್ತಿವೆಯೇ ಎಂದು ನೋಡುವ ಪರೀಕ್ಷೆಯೂ ಮೂರು ಸಲ ಸರಿಬಂದಿದೆ. ಆಪರೇಶನ್ ಕೋಣೆಯ ಬೀಗ ತೆಗೆದಿದ್ದಾರೆ. ನನ್ನ ನೋಟೀಸನ್ನು ಹಿಂದಕ್ಕೆ ಪಡೆದಿದ್ದಾರೆ. ಇವೆಲ್ಲ ನಿಮಗೆ ಗೊತ್ತೇ ಇರುತ್ತದೆ.

ಕಡತದ ನಕಲು ನನಗೆ ಕಳಿಸಿದ್ದಾರೆ. ನಿಮ್ಮ ಕಾಗದ ಅದರಲ್ಲಿದೆ. ಎರಡು ಸಲ ಓದಿದೆ. ಅದರ ಬಗ್ಗೆ ಈಗ ಬರೆಯಲಾರೆ.

ಒಂದು ಕೆಲಸ ಬಾಕಿಯಿದೆ. ಯಂತ್ರದ ಪುಸ್ತಕದಲ್ಲಿ ಈ ರಿಪೇರಿಯ ವಿವರ ಬರೆದು ನಾನು ಸಹಿ ಹಾಕಬೇಕು. ಮುಖ್ಯಸ್ಥೆಯಾಗಿ ಅದು ನನ್ನ ಮೊದಲ ಸಹಿ. ರಬ್ಬರು, ನೀರು ಇಳಿಯುವ ತೂತಿಗೆ ಹಾಕಿದ ಹೊಸ ಜಾಲರಿ, ಪರೀಕ್ಷೆ, ಯಾವುದಕ್ಕೂ ಆಸ್ಪತ್ರೆಯಿಂದ ಹಣ ಹೋಗಿಲ್ಲವಂತೆ. ಖರ್ಚು ಎಷ್ಟು ಎಂಬ ಜಾಗ ಖಾಲಿ ಇದೆ. ಹಿರಿಯ ನರ್ಸ್ ಕೇಳಿದಾಗ ನೀವು ಐವತ್ತು ಸಾವಿರ ಅಂದಿರಂತೆ. ಅಮ್ಮನಿಗೆ ಎರಡು ಲಕ್ಷ ಅಂದಿದ್ದೀರಿ. ಅತ್ತೆಗೆ ಮುನ್ನೂರು. ಎಲ್ಲವನ್ನೂ ಕೂಡಿಸಿ ಭಾಗಿಸಿ ಬರೆಯಲೇ? ಮೊದಲ ಸಹಿಯ ಮೇಲೆ ಸುಳ್ಳು ಬೇಡ ಮಾಮ. ನಿಜವಾಗಿ ಎಷ್ಟು ಹೋಯಿತು ಅಂತ ಬರೆದು ಕಳಿಸು. ಒಂದನೇ ತಾರೀಖು ಬೆಳಗ್ಗೆ ಎಂಟಕ್ಕೆ ನಾನು ಆ ಕೋಣೆಯಲ್ಲಿರುತ್ತೇನೆ.

ಥಿನ್ನರಿನ ಕೆಮ್ಮು ಹೋಯಿತಾ? ಅತ್ತೆ ಬರೆದಿದ್ದಳು. ನೀನು ಬರೆದಿರಲಿಲ್ಲ.

ಚಿಮಟ

•

೩೦ ಮಾರ್ಚ್

ಚಿಮಟ,

ಕೆಮ್ಮು ಹೋಯಿತು. ಅದು ಕೆಮ್ಮೇ ಅಲ್ಲ, ಗಂಟಲು ಸರಿಮಾಡಿಕೊಳ್ಳುತ್ತಿದ್ದೆ.

ನಿನ್ನ ಕಾಗದವನ್ನು ಈ ಸಲ ಎರಡೂ ಬದಿ ಓದಿದೆ. ಹಿಂಬದಿಯಲ್ಲಿ ಏನೂ ಇರಲಿಲ್ಲ, ಆದರೂ ಓದಿದೆ.

ದುಡ್ಡಿನ ವಿಷಯ. ಯಾರು ಎಷ್ಟಕ್ಕೆ ಆನಂದಪಡುತ್ತಾರೋ ಅಷ್ಟು ಹೇಳುವುದು ನನ್ನ ಪದ್ಧತಿ. ನಿನ್ನ ಅಮ್ಮ ನನ್ನನ್ನು ಸಣ್ಣವನು ಅಂದುಕೊಳ್ಳಬಾರದು, ಹಾಗಾಗಿ ಎರಡು ಲಕ್ಷ. ನಿನ್ನ ಅತ್ತೆ ನನ್ನನ್ನು ಮನೆಯಿಂದ ಅಟ್ಟಬಾರದು, ಹಾಗಾಗಿ ಮುನ್ನೂರು. ಗಡಿಯಾರದಮ್ಮ ಕೇಳಿದಾಗ ಬಾಯಿಗೆ ಐವತ್ತು ಬಂತು. ನಿನಗೆ ಏನು ಹೇಳಬೇಕು ಅಂತ ನಿನ್ನೆಯಿಂದ ಅಂಗಡಿಯಲ್ಲಿ ಅಡ್ಡಾಡುತ್ತಿದ್ದೇನೆ. ಒಂದು ಲಕ್ಷ ಅಂತ ಬರೆದೆ, ಹರಿದೆ. ಹತ್ತು ಸಾವಿರ ಅಂತ ಬರೆದರೆ ನಿನಗೆ ಹಗುರಾಗುತ್ತದೆ ಅಂತ ಬರೆದೆ, ಅದನ್ನೂ ಹರಿದೆ.

ಚೀಟಿಗಳನ್ನು ಇದರೊಳಗೆ ಇಟ್ಟಿದ್ದೇನೆ, ನೀನೇ ಕೂಡಿಸಿ ನೋಡು. ಅರ್ಧದಷ್ಟು ಆ ಬಾಗಿಲ ರಬ್ಬರಿಗೇ ಹೋಯಿತು. ಅದನ್ನು ಮಾಡುವವರು ರಬ್ಬರಿನಲ್ಲಿ ಮುತ್ತು ಅರೆದು ಹಾಕುತ್ತಾರೋ ಏನೋ. ಪರೀಕ್ಷೆ ಮಾಡಿದವನು ಒಂದು ಪೈಸೆ ಬಿಡಲಿಲ್ಲ. ಬೆಳ್ಳಿ ಬಣ್ಣದ ಎರಡು ಡಬ್ಬಿಯ ಬೆಲೆಯನ್ನೂ ಸೇರಿಸಿದ್ದೇನೆ. ಅದು ರಿಪೇರಿಯ ಖರ್ಚಲ್ಲ, ಕೆಡಿಸಿದ ಖರ್ಚು; ಪುಸ್ತಕದಲ್ಲಿ ಅದಕ್ಕೆ ಬೇರೆ ಜಾಗವಿದ್ದರೆ ಅಲ್ಲಿ ಬರೆ. ಪಾಲು ಕೊಡುತ್ತೇನೆ ಅಂತ ಬರಬೇಡ, ಬಂದರೆ ಬಾಗಿಲು ತೆಗೆಯುವುದಿಲ್ಲ. ಪಾಲಿಶ್ ಮಾಡುವ ಮೋಟಾರು ಮಾರಿದೆ. ಹಳೆಯದಾಗಿತ್ತು. ಹಳೆಯದಾಗಿರಲಿಲ್ಲ, ಎರಡು ವರ್ಷದ್ದು. ಈಗ ಕೈಯಲ್ಲೇ ಉಜ್ಜುತ್ತಿದ್ದೇನೆ, ತೋಳು ಗಟ್ಟಿಯಾಗುತ್ತಿದೆ.

ಮಸಿಯಲ್ಲಿ ಬರೆ, ಅಳಿಸಲು ಬಾರದ ಹಾಗೆ. ಅಂಕಿಯಲ್ಲಿ ಬೇಡ, ಅಕ್ಷರದಲ್ಲಿ ಬರೆ. ನಾನೂ ಒಂದೊಂದೇ ಅಕ್ಷರ ಬಿಡಿಸಿ ಬಿಡಿಸಿ ಬರೆಯುತ್ತಿದ್ದೇನೆ, ನೋಡಿಕೋ. ಹತ್ತೊಂಬತ್ತು ಸಾವಿರದ ಎಂಟುನೂರ ಎಪ್ಪತ್ತು.

ಮಾಮ